ಆಂದ್ರೆ ಅಂದ್ರೆ ಯಾರು? - ಕುಸ್ತಿ ಗೊಂಬೆಗಳ ಒಂದು ಲೆಕ್ಕ

ಕಳೆದ ಜುಲೈ 24ರ ರಾತ್ರಿ ಪುಣೆಯಿಂದ ಮಗನ ಫೋನು. ವಾರದ ನಡುವೆ ಅವನು ಫೋನ್ ಮಾಡೋದು ಅಪರೂಪ. ಏನಾಯ್ತಪ್ಪಾ ಅಂತ ಗಾಬರಿಯಿಂದ ಎತ್ತಿದರೆ, "ಅಪ್ಪಾ, ಹಲ್ಕ್ ಹೋಗನ್ ಹೋಗ್ಬಿಟ್ಟ" ಅಂದ. ಇಸವಿ 2025, ಹೋಗನ್ನನಿಗೆ 71 ವಯಸ್ಸು. ಒಂದು ನಿಮಿಷ ಇಬ್ಬರೂ ಮಾತಾಡಲಿಲ್ಲ. ಆಮೇಲೆ ಅವನೇ ಮೆಲ್ಲಗೆ, "ನಮ್ಮ ಡಬ್ಬದಲ್ಲಿ ಅವನದ್ದು ಎರಡು ಗೊಂಬೆ ಇತ್ತು, ನೆನಪಿದೆಯಾ?" ಅಂತ ಕೇಳಿದ.

ನೆನಪಿದೆ. ಆ ಡಬ್ಬ ಏನಾಯ್ತು ಅನ್ನೋದೂ ನೆನಪಿದೆ. ಅದನ್ನು ಕೊನೆಯಲ್ಲಿ ಹೇಳ್ತೀನಿ. ಮೊದಲು ಆ ಗೊಂಬೆಗಳ ಚರಿತ್ರೆ ಹೇಳಬೇಕು. ನಾನು ಬಿ.ಕಾಂ. ಓದಿ ಬ್ಯಾಂಕು ಸೇರಿದವನು, ಚರಿತ್ರೆಕಾರ ಅಲ್ಲ. ಆದರೆ ಈ ಗೊಂಬೆಗಳ ಕಥೆ ಅರ್ಧಕ್ಕರ್ಧ ಕರಾರು, ಲೈಸೆನ್ಸು, ರಾಯಲ್ಟಿಗಳ ಕಥೆ. ಹಾಗಾಗಿ ನನ್ನಂಥವನಿಗೂ ಅರ್ಥವಾಗುತ್ತೆ!

ನಾನು ಮುಂಬೈಗೆ ಬಂದದ್ದು 1991ರಲ್ಲಿ, ಬ್ಯಾಂಕಿನ ನೌಕರಿ ಮೇಲೆ. ಮಾಟುಂಗಾದಲ್ಲಿ ನಾಲ್ಕು ಜನ ಹುಡುಗರು ಒಂದು ರೂಮಿನಲ್ಲಿ. ಆಗತಾನೆ ಕೇಬಲ್ ಟಿವಿ ಬಂದಿತ್ತು. ಕೆಳಗಿನ ಮನೆಯವರ ಪ್ರೈಮ್ ಸ್ಪೋರ್ಟ್ಸ್ ಚಾನೆಲ್ಲಿನಲ್ಲಿ ಡಬ್ಲ್ಯುಡಬ್ಲ್ಯುಎಫ್ ಕುಸ್ತಿ. ಮೈಸೂರಿನಲ್ಲಿ ಗರಡಿ ಮನೆ, ದಸರಾ ಕುಸ್ತಿ ನೋಡಿ ಬೆಳೆದ ನನಗೆ ಇದೇನು ಕುಸ್ತಿ ಅನ್ನಿಸಿತ್ತು. ಮುಖಕ್ಕೆ ಬಣ್ಣ, ಕೊರಳಿಗೆ ಹಾವು, ಕುರ್ಚಿಯಲ್ಲಿ ಹೊಡೆಯೋದು, ರೆಫರಿ ಅತ್ತ ತಿರುಗಿದಾಗಲೇ ಮೋಸ ಮಾಡೋದು. ಆದರೂ ನಾಲ್ವರೂ ಬಿಡದೆ ನೋಡುತ್ತಿದ್ದೆವು. ಇದೆಲ್ಲ ನಾಟಕ ಅಂತ ಕಂಪನಿಯೇ 1989ರಲ್ಲಿ ನ್ಯೂಜೆರ್ಸಿ ರಾಜ್ಯದ ಶಾಸಕರ ಮುಂದೆ ಒಪ್ಪಿಕೊಂಡಿತ್ತಂತೆ. ಕ್ರೀಡೆ ಅಂದರೆ ಸರಕಾರದ ನಿಯಮ, ತೆರಿಗೆ ಎಲ್ಲ ಅನ್ವಯಿಸುತ್ತೆ, ಮನರಂಜನೆ ಅಂದರೆ ಅದರಿಂದ ಪಾರು. ನೋಡಿ, ಅಲ್ಲೂ ಲೆಕ್ಕವೇ!

ನಮ್ಮ ದೇಶದಲ್ಲಿ ಆಗ ಆ ಕುಸ್ತಿಯ ಹುಚ್ಚು ಹರಡಿದ್ದು ಟ್ರಂಪ್ ಕಾರ್ಡ್ ಮೂಲಕ. ರ್ಯಾಂಕು, ಎತ್ತರ, ತೂಕ, ಎದೆ ಸುತ್ತಳತೆ, ಬೈಸೆಪ್ಸು, ಆಡಿದ ಪಂದ್ಯ, ಗೆದ್ದ ಪಂದ್ಯ. ಲೋಕಲ್ ಟ್ರೇನಿನಲ್ಲಿ ಶಾಲೆ ಮಕ್ಕಳು ಬಾಯಿಪಾಠ ಒಪ್ಪಿಸುತ್ತಿದ್ದರು. ಗೊಂಬೆ ಸಿಗುವುದು ಮಾತ್ರ ಕಷ್ಟ. ಫಾರಿನ್ನಿನಲ್ಲಿ ಯಾರಾದರೂ ಇರಬೇಕು.

ನಮಗೆ ಇದ್ದರು. ಅಕ್ಕ ಮದುವೆಯಾಗಿ 1981ರಲ್ಲೇ ಭಾವನ ಜೊತೆ ನ್ಯೂಜೆರ್ಸಿಗೆ ಹೋಗಿದ್ದಳು. ಅವಳ ಮಗ ಹುಟ್ಟಿದ್ದು 1982ರಲ್ಲಿ, ಬೆಳೆದದ್ದು ಈ ಕುಸ್ತಿಯ ಸುವರ್ಣಕಾಲದಲ್ಲಿ. 2003ರಲ್ಲಿ ಅಕ್ಕ ದಸರಾ ಹೊತ್ತಿಗೆ ಮುಲುಂಡಿನ ನಮ್ಮ ಮನೆಗೆ ಬಂದಾಗ, ಕಾಲೇಜು ಸೇರಿದ ಅವನ ಗೊಂಬೆಗಳನ್ನೆಲ್ಲ ಒಂದು ಸೂಟ್‌ಕೇಸಿನಲ್ಲಿ ತುಂಬಿ ತಂದಳು. "ನಿನ್ನ ಮಗನಿಗೆ ಇರಲಿ ಕಣೋ, ಅಲ್ಲಿ ಗ್ಯಾರೇಜಿನಲ್ಲಿ ಕೊಳೀತಾ ಇತ್ತು" ಅಂದಳು. ನನ್ನ ಮಗನಿಗೆ ಆಗ ಆರು ವರ್ಷ. ಸೂಟ್‌ಕೇಸು ತೆರೆದಾಗ ಅವನ ಕಣ್ಣು ನೋಡಬೇಕಿತ್ತು!

ಆ ಒಂದು ಸೂಟ್‌ಕೇಸಿನಲ್ಲಿ ಎರಡು ಕಾಲದ ಗೊಂಬೆಗಳಿದ್ದವು. ಮೂರನೆಯ ಕಾಲದ್ದನ್ನು ಅಕ್ಕ ಅಂಗಡಿಯಿಂದ ಹೊಸದಾಗಿ ತಂದಿದ್ದಳು. ಮೂರನ್ನೂ ನೆಲದ ಮೇಲೆ ಸಾಲಾಗಿ ಇಟ್ಟರೆ ಒಂದಕ್ಕೊಂದು ಸಂಬಂಧವೇ ಇಲ್ಲ. ಎತ್ತರ ಬೇರೆ, ತೂಕ ಬೇರೆ, ಕೈಕಾಲು ಆಡುವ ರೀತಿ ಬೇರೆ. ಯಾಕೆ ಹೀಗೆ ಅನ್ನೋ ಕುತೂಹಲ ನನಗೆ ಅಂದೇ ಹುಟ್ಟಿದ್ದು.

ರಬ್ಬರಿನ ಕಾಲ

ಇದರ ಹಿಂದೆ ಇನ್ನೊಂದು ಸಂಗತಿ ಇದೆ. ಅಮೆರಿಕದ ಗಂಡು ಮಕ್ಕಳು ಗೊಂಬೆಯಾಟ ಆಡಲ್ಲ ಅನ್ನೋದು ಅಲ್ಲಿನ ವ್ಯಾಪಾರಿಗಳ ನಂಬಿಕೆ. ಅದಕ್ಕೇ 1964ರಲ್ಲಿ ಹ್ಯಾಸ್ಬ್ರೋ ಕಂಪನಿ ಜಿ.ಐ. ಜೋ ಅನ್ನೋ ಸೈನಿಕನ ಗೊಂಬೆ ತಂದಾಗ ಅದನ್ನು 'ಡಾಲ್' ಅನ್ನಲಿಲ್ಲ, 'ಆ್ಯಕ್ಷನ್ ಫಿಗರ್' ಅಂತ ಹೊಸ ಹೆಸರು ಕೊಟ್ಟಿತು. ಕನ್ನಡದಲ್ಲಿ ನಮಗೆ ಈ ತಾಪತ್ರಯವಿಲ್ಲ. ಪಟ್ಟದ ರಾಜನೂ ಗೊಂಬೆಯೇ, ಜಟ್ಟಿಯೂ ಗೊಂಬೆಯೇ.

1982ರಲ್ಲಿ ವಿನ್ಸ್ ಮೆಕ್‌ಮಹನ್ ತನ್ನ ತಂದೆಯಿಂದ ಕುಸ್ತಿ ಕಂಪನಿಯನ್ನು ಕೊಂಡ. ಅಲ್ಲಿಯವರೆಗೆ ಅಮೆರಿಕದ ಕುಸ್ತಿ ನಮ್ಮ ನಾಟಕ ಕಂಪನಿಗಳ ಹಾಗೆ ಊರೂರಿಗೆ ಹಂಚಿಹೋಗಿತ್ತು. ಒಬ್ಬರ ಸೀಮೆಯಲ್ಲಿ ಇನ್ನೊಬ್ಬರು ಕಾಲಿಡುವಂತಿರಲಿಲ್ಲ. ಮೆಕ್‌ಮಹನ್ ಆ ಒಪ್ಪಂದ ಮುರಿದು ಟಿವಿ ಮೂಲಕ ಇಡೀ ದೇಶಕ್ಕೆ ನುಗ್ಗಿದ. 1984ರ ಜನವರಿ 23ರಂದು ನ್ಯೂಯಾರ್ಕಿನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್ನಿನಲ್ಲಿ ಹಲ್ಕ್ ಹೋಗನ್ ಐರನ್ ಶೇಕ್‌ನನ್ನು ಸೋಲಿಸಿ ಪಟ್ಟ ಗೆದ್ದ. 1985ರ ಮಾರ್ಚ್ 31ರಂದು ಮೊದಲ ರೆಸಲ್‌ಮೇನಿಯಾ. ಅದೇ ವರ್ಷ ಹೋಗನ್ ಹೆಸರಿನ ಕಾರ್ಟೂನೂ ಟಿವಿಗೆ ಬಂತು.

ಈ ಗಾಳಿಯಲ್ಲಿ ತೂರಿಕೊಂಡದ್ದು ಎಲ್‌ಜೆಎನ್ ಅನ್ನೋ ಆಟಿಕೆ ಕಂಪನಿ. ಸ್ಥಾಪಕ ಜ್ಯಾಕ್ ಫ್ರೀಡ್‌ಮನ್, ಸ್ಥಾಪನೆ 1970. ಆತ ಮೊದಲು ನಾರ್ಮನ್ ಜೆ. ಲೂಯಿಸ್ ಅನ್ನುವವರ ಹತ್ತಿರ ಕೆಲಸಕ್ಕಿದ್ದ. ಆ ಯಜಮಾನನ ಹೆಸರಿನ ಮೊದಲಕ್ಷರಗಳನ್ನು ತಿರುಗಿಸಿದರೆ ಎಲ್‌ಜೆಎನ್! ಈ ಫ್ರೀಡ್‌ಮನ್ ಹೆಸರು ನೆನಪಿಟ್ಟುಕೊಳ್ಳಿ, ಮುಂದೆ ಮತ್ತೆ ಬರ್ತಾನೆ.

1984ರಿಂದ 1989ರವರೆಗೆ ಬಂದ ಎಲ್‌ಜೆಎನ್ ಗೊಂಬೆಗಳು ಸುಮಾರು 8 ಇಂಚು ಎತ್ತರ, ಗಟ್ಟಿ ರಬ್ಬರು. ಕೀಲು ಒಂದೂ ಇಲ್ಲ. ಕೈ ಎತ್ತಿದ್ದರೆ ಎತ್ತಿಯೇ ಇರುತ್ತೆ. ಹೋಗನ್, ಆಂದ್ರೆ ದಿ ಜೈಂಟ್, ರಾಡಿ ಪೈಪರ್, ಜಂಕ್‌ಯಾರ್ಡ್ ಡಾಗ್, ಐರನ್ ಶೇಕ್, ನಿಕೊಲಾಯ್ ವೊಲ್ಕಾಫ್ ಮೊದಲ ಸಾಲಿನವರು. ಆಮೇಲೆ ಮ್ಯಾನೇಜರುಗಳು, ಮಿಸ್ ಎಲಿಜಬೆತ್, ಮೈಕು ಹಿಡಿಯೋ ಜೀನ್ ಓಕರ್ಲಂಡ್, ಕೊನೆಗೆ ವಿನ್ಸ್ ಮೆಕ್‌ಮಹನ್ನನ ಗೊಂಬೆ ಕೂಡ ಬಂತು. ಒಂದೊಂದು ಗೊಂಬೆಗೂ ಅವರವರದೇ ಅಚ್ಚು. ಮೈಕಟ್ಟು, ಹೊಟ್ಟೆ, ಮುಖದ ಸಿಟ್ಟು ಎಲ್ಲ ಬಿಡಿಬಿಡಿಯಾಗಿ ಕೆತ್ತಿದ್ದು. ಕಿನ್ನಾಳದ ಗೊಂಬೆಯ ಹಾಗೆ ಕೈಯಲ್ಲಿ ಹಿಡಿದರೆ ಒಬ್ಬ ವ್ಯಕ್ತಿ ಅನ್ನಿಸುತ್ತೆ.

ದೋಷ ಎರಡು. ಒಂದು, ಬಣ್ಣ. ಎರಡು ಗೊಂಬೆ ತಿಕ್ಕಾಡಿದರೆ ಮೂಗು, ಗಲ್ಲ, ಮುಷ್ಟಿಯ ಬಣ್ಣ ಹೋಯಿತು. ಕುಸ್ತಿ ಗೊಂಬೆ ತಿಕ್ಕಾಡದೆ ಇರೋದು ಹೇಗೆ? ಎರಡು, ತೂಕ. ಅಕ್ಕನ ಮಗ ಹೋಗನ್ನನ್ನು ಎಸೆದು ಭಾವನ ಹಣೆಗೆ ಗಾಯ ಮಾಡಿದ್ದನ್ನು ಅಕ್ಕ ಎಷ್ಟು ಸಲ ಹೇಳಿದ್ದಾಳೋ!

ಆಂದ್ರೆಯ ಗೊಂಬೆಗೆ ಒಂದು ವಿಶೇಷ ಇದೆ. ಮೊದಲು ಬಂದದ್ದು ಗುಂಗುರು ಉದ್ದ ಕೂದಲಿನದ್ದು. 1984ರ ಡಿಸೆಂಬರಿನಲ್ಲಿ ಟಿವಿ ಕಥೆಯೊಳಗೆ ಬಿಗ್ ಜಾನ್ ಸ್ಟಡ್ ಮತ್ತು ಕೆನ್ ಪಟೇರಾ ಸೇರಿ ಆಂದ್ರೆಯ ಕೂದಲು ಕತ್ತರಿಸಿದರು. ಗೊಂಬೆ ಕಂಪನಿಯೂ ಅಚ್ಚು ಬದಲಾಯಿಸಿ ಗಿಡ್ಡ ಕೂದಲಿನ ಆಂದ್ರೆಯನ್ನು ತಂದಿತು. ಇವತ್ತು ಇವೆರಡೂ ಬೇರೆ ಬೇರೆ ಲೆಕ್ಕ. ನಮ್ಮ ಸೂಟ್‌ಕೇಸಿನಲ್ಲಿದ್ದದ್ದು ಉದ್ದ ಕೂದಲಿನವನು.

ಆ ಹೊತ್ತಿಗೆ ಇನ್ನೊಂದು ಕುಸ್ತಿ ಕಂಪನಿ ಎಡಬ್ಲ್ಯುಎ. ಅವರಿಗೆ ಗೊಂಬೆ ಮಾಡಿದ್ದು ರೆಮ್ಕೋ, 1985ರಲ್ಲಿ. ಇವು ಚಿಕ್ಕವು, ಹೀ-ಮ್ಯಾನ್ ಗೊಂಬೆಯಂಥ ಮೈಕಟ್ಟು, ಕೈಕಾಲು ಸೊಂಟ ತಿರುಗುತ್ತವೆ. ಬೇರೆ ಆಟಿಕೆಗೆ ಮಾಡಿದ್ದ ಮೈಯನ್ನೇ ಬಳಸಿ ತಲೆ ಮಾತ್ರ ಬದಲಾಯಿಸೋದು ಇವರ ಪದ್ಧತಿ. ರಿಕ್ ಫ್ಲೇರ್‌ನ ಮೊದಲ ಗೊಂಬೆ ಬಂದದ್ದು ಇಲ್ಲೇ, ಲ್ಯಾರಿ ಜಿಬಿಸ್ಕೋ ಜೊತೆ ಜೋಡಿಯಾಗಿ. ದುಂದು ಮಾಡದ ಸಂಸಾರಸ್ಥರ ಕೆಲಸ. ಆದರೆ ಸಣ್ಣ ಕಂಪನಿಯ ಜೊತೆ ಅವರ ಗೊಂಬೆಗಳೂ ಬೇಗ ಮುಗಿದವು.

ರಾಯಲ್ಟಿ ಅಂದೆನಲ್ಲ, ಒಂದು ಸ್ವಾರಸ್ಯ. 'ಹಲ್ಕ್' ಅನ್ನೋ ಹೆಸರು ಮಾರ್ವೆಲ್ ಕಾಮಿಕ್ಸಿನ ಹಸಿರು ರಾಕ್ಷಸನದ್ದು. ಹಾಗಾಗಿ 1985ರಲ್ಲಿ ಕುಸ್ತಿ ಕಂಪನಿ ಮಾರ್ವೆಲ್ ಜೊತೆ ಒಪ್ಪಂದ ಮಾಡಿಕೊಂಡು, ಹೋಗನ್ ಹೆಸರಿನಲ್ಲಿ ಮಾರಿದ ಸಾಮಾನಿನ ಮೇಲೆ ಅವರಿಗೂ ಒಂದು ಸಣ್ಣ ಪಾಲು ಕೊಡಬೇಕಾಯ್ತು. ಅಂದರೆ ಒಂದು ರಬ್ಬರ್ ಗೊಂಬೆ ಮಾರಿದರೆ ಆಟಿಕೆ ಕಂಪನಿ, ಕುಸ್ತಿ ಕಂಪನಿ, ಕುಸ್ತಿ ಮಾಡಿದವನು, ಜೊತೆಗೆ ಕಾಮಿಕ್ಸ್ ಕಂಪನಿ. ನಾಲ್ಕು ತಟ್ಟೆಗೆ ಒಂದೇ ಪಾತ್ರೆಯಿಂದ ಬಡಿಸಿದ ಹಾಗೆ.

ಫ್ರೀಡ್‌ಮನ್ 1985ರಲ್ಲಿ ಎಲ್‌ಜೆಎನ್‌ನನ್ನು ಎಂಸಿಎ ಕಂಪನಿಗೆ ಮಾರಿದ. ಗೊಂಬೆಗಳು 1989ರವರೆಗೆ ಬಂದವು. ಕೊನೆಯ ಸಾಲಿನ ಕಪ್ಪು ಕಾರ್ಡಿನ ಗೊಂಬೆಗಳನ್ನು ಕೆನಡಾದಲ್ಲಿ ಗ್ರ್ಯಾಂಡ್ ಟಾಯ್ಸ್ ಅನ್ನುವವರು ಹಂಚಿದರು. ಅದರಲ್ಲಿನ ಅಲ್ಟಿಮೇಟ್ ವಾರಿಯರ್, ಬಿಗ್ ಬಾಸ್ ಮ್ಯಾನ್ ಇವತ್ತಿಗೂ ಸಂಗ್ರಹಕಾರರಿಗೆ ಸಿಗದ ಮಾಲು.

ಸ್ಪ್ರಿಂಗಿನ ಕಾಲ

1990ರಲ್ಲಿ ಲೈಸೆನ್ಸು ಹ್ಯಾಸ್ಬ್ರೋಗೆ ಹೋಯಿತು. 8 ಇಂಚಿನ ರಬ್ಬರು ಹೋಗಿ ಸುಮಾರು ನಾಲ್ಕೂವರೆ ಇಂಚಿನ ಪ್ಲಾಸ್ಟಿಕ್ಕು ಬಂತು. ಗೊಂಬೆಗಳು ಸ್ವಲ್ಪ ಕಾರ್ಟೂನಿನ ಹಾಗೆ, ದಪ್ಪ ತೋಳು, ಅಗಲ ಮುಖ. ಆದರೆ ಪ್ರತಿಯೊಂದರಲ್ಲೂ ಒಂದು ಸ್ಪ್ರಿಂಗು. ಒಬ್ಬನ ಕೈ ಹಿಂದಕ್ಕೆಳೆದು ಬಿಟ್ಟರೆ ಗುದ್ದುತ್ತಾನೆ, ಒಬ್ಬನ ಸೊಂಟ ತಿರುಗಿಸಿ ಬಿಟ್ಟರೆ ಗಿರ್ರನೆ ತಿರುಗುತ್ತಾನೆ, ಒಬ್ಬನನ್ನು ಒತ್ತಿ ಬಿಟ್ಟರೆ ನೆಗೆಯುತ್ತಾನೆ. ಇನ್ನೊಬ್ಬನನ್ನು ತಬ್ಬಿ ಎತ್ತುವವರೂ ಇದ್ದರು. ಎಲ್‌ಜೆಎನ್ ಗೊಂಬೆ ನೋಡೋಕೆ, ಹ್ಯಾಸ್ಬ್ರೋ ಗೊಂಬೆ ಆಡೋಕೆ. ಇದು ನನ್ನ ಮಾತಲ್ಲ, ಆರು ವರ್ಷದ ನನ್ನ ಮಗ ಮೊದಲ ದಿನವೇ ಕೊಟ್ಟ ತೀರ್ಪು.

ಹ್ಯಾಸ್ಬ್ರೋದವರೂ ರೆಮ್ಕೋ ಬುದ್ಧಿಯನ್ನೇ ಉಪಯೋಗಿಸಿದರು. ಮೈ ಒಂದೇ, ತಲೆ ಬೇರೆ, ಬಣ್ಣ ಬೇರೆ. ಅಚ್ಚಿನ ಖರ್ಚು ಕಡಿಮೆ. ಆದರೆ ಆಂದ್ರೆಯಂಥ ದೈತ್ಯನ ಎತ್ತರ ಈ ಸಾಲಿನಲ್ಲಿ ಸರಿಯಾಗಿ ಕಾಣಲ್ಲ.

1994ರವರೆಗೆ 11 ಸರಣಿ ಬಂದವು. ಇವುಗಳಲ್ಲಿ ಒಂದು ಕಥೆ ಸಂಗ್ರಹಕಾರರಲ್ಲಿ ಪುರಾಣದ ಹಾಗೆ. ಅದು ಕಮಾಲಾ ಅನ್ನೋ ಕುಸ್ತಿಯವನ ಗೊಂಬೆಯದ್ದು. ಅಂಗಡಿಗೆ ಬಂದ ಗೊಂಬೆಯ ಹೊಟ್ಟೆಯ ಮೇಲೆ ನಕ್ಷತ್ರದ ಚಿತ್ರ. ಆದರೆ ಕೆಲವೇ ಕೆಲವು ಗೊಂಬೆಗಳ ಹೊಟ್ಟೆಯ ಮೇಲೆ ನಕ್ಷತ್ರದ ಬದಲು ಚಂದ್ರ ಇದೆ. ಅಂಥದ್ದಕ್ಕೆ ಸಾವಿರಾರು ಡಾಲರ್! ಹೊಟ್ಟೆ ಮೇಲೆ ನಕ್ಷತ್ರ ಇದ್ದವನಿಗೆ ಇಲ್ಲದ ಯೋಗ ಚಂದ್ರ ಇದ್ದವನಿಗೆ. ಜ್ಯೋತಿಷಿಗಳಿಗೆ ಹೇಳಿದರೆ ಒಪ್ಪಿಕೊಂಡಾರು.

ಕೊನೆಯ ಸರಣಿ ಹಸಿರು ಕಾರ್ಡಿನದ್ದು, 1994ರಲ್ಲಿ. ಆಗ ಕುಸ್ತಿ ಕಂಪನಿಗೆ ಕೆಟ್ಟ ಕಾಲ. ಸ್ಟೀರಾಯ್ಡ್ ಪ್ರಕರಣದಲ್ಲಿ ಮೆಕ್‌ಮಹನ್ ಕೋರ್ಟಿನ ಕಟಕಟೆ ಹತ್ತಿ, ಆ ಜುಲೈನಲ್ಲಿ ನಿರ್ದೋಷಿ ಅಂತ ಬಿಡುಗಡೆಯಾದ. ಹೋಗನ್ ಎದುರಾಳಿ ಕಂಪನಿ ಡಬ್ಲ್ಯುಸಿಡಬ್ಲ್ಯು ಸೇರಿದ. ಹಸಿರು ಕಾರ್ಡಿನ ಆ್ಯಡಮ್ ಬಾಂಬ್, 1-2-3 ಕಿಡ್, ಲುಡ್ವಿಗ್ ಬೋರ್ಗಾ ಇವರನ್ನು ಆಗ ಯಾರೂ ಅಷ್ಟಾಗಿ ಕೊಳ್ಳಲಿಲ್ಲ. ಕೊಳ್ಳದ್ದರಿಂದಲೇ ಇವತ್ತು ಅವು ದುಬಾರಿ.

ಡಬ್ಲ್ಯುಸಿಡಬ್ಲ್ಯುಗೂ ಗೊಂಬೆಗಳಿದ್ದವು. 1990ರಲ್ಲಿ ಗಲೂಬ್ ಕಂಪನಿ ಸ್ಟಿಂಗ್, ರಿಕ್ ಫ್ಲೇರ್, ಸ್ಟೈನರ್ ಸೋದರರನ್ನು ತಂದಿತು. ಚಿಕ್ಕವು, ಕೀಲಿಲ್ಲ, ಆದರೆ ಸೊಂಟಕ್ಕೆ ಕಟ್ಟಿ ಬಿಚ್ಚಬಹುದಾದ ಪದಕದ ಬೆಲ್ಟು ಇತ್ತು. 1994ರಿಂದ ಒರಿಜಿನಲ್ ಸ್ಯಾನ್ ಫ್ರಾನ್ಸಿಸ್ಕೋ ಟಾಯ್‌ಮೇಕರ್ಸ್, 1999ರಿಂದ ಟಾಯ್ ಬಿಜ್. ಟಾಯ್ ಬಿಜ್‌ನವರದ್ದು ಮುರಿಯುವ ಮೇಜು, ಕುರ್ಚಿಗಳ ಸಮೇತ ಅಬ್ಬರದ ಸಾಮಾನು. 2001ರ ಮಾರ್ಚಿನಲ್ಲಿ ಡಬ್ಲ್ಯುಸಿಡಬ್ಲ್ಯುವನ್ನು ಮೆಕ್‌ಮಹನ್ ಕೊಂಡುಕೊಂಡ, ಆ ಸಾಲೂ ಅಲ್ಲಿಗೆ ಮುಗಿಯಿತು. ಬ್ಯಾಂಕು ವಿಲೀನವಾದಾಗ ಹಳೇ ಬೋರ್ಡು ಇಳಿಸುತ್ತಾರಲ್ಲ, ಹಾಗೆ.

ಇಲ್ಲಿ ಮೆಕ್ಸಿಕೋದ ಮಾತೂ ಹೇಳಬೇಕು. ಅಲ್ಲಿ ಮುಖವಾಡದ ಕುಸ್ತಿ. ಅವರ ಗೊಂಬೆ ಸಂತೆಯಲ್ಲಿ ಮಾರುವ ಅಗ್ಗದ ಪ್ಲಾಸ್ಟಿಕ್ಕು. ಎಲ್ಲಕ್ಕೂ ಒಂದೇ ಅಚ್ಚು, ಮುಖವಾಡದ ಬಣ್ಣ ಬದಲಾದರೆ ಮನುಷ್ಯ ಬದಲಾದ. ಲೈಸೆನ್ಸು, ಕಾರ್ಡು, ಸರಣಿ ಯಾವುದರ ಗೋಜೂ ಇಲ್ಲದೆ ಬಡವರ ಮಕ್ಕಳ ಕೈಯಲ್ಲಿ ತಲೆಮಾರುಗಟ್ಟಲೆ ಬಾಳಿದವು. ನಮ್ಮ ಜಾತ್ರೆಯ ಪ್ಲಾಸ್ಟಿಕ್ ಗೊಂಬೆಗಳ ಖಾಸಾ ನೆಂಟರು.

ಲಟಲಟ ಸದ್ದಿನ ಕಾಲ

ಹ್ಯಾಸ್ಬ್ರೋ ಬಿಟ್ಟ ಮೇಲೆ ಒಂದೆರಡು ವರ್ಷ ಜಸ್ಟ್ ಟಾಯ್ಸ್‌ನವರ ಬಗ್ಗಿಸುವ ರಬ್ಬರ್ ಗೊಂಬೆಗಳಷ್ಟೇ. 1996ರಲ್ಲಿ ಹೊಸ ಕಂಪನಿ ಬಂತು, ಜ್ಯಾಕ್ಸ್ ಪೆಸಿಫಿಕ್. ಅದನ್ನು 1995ರಲ್ಲಿ ಕಟ್ಟಿದ್ದು ಯಾರು ಗೊತ್ತೇ? ಅದೇ ಜ್ಯಾಕ್ ಫ್ರೀಡ್‌ಮನ್! ಸ್ಟೀಫನ್ ಬರ್ಮನ್ ಜೊತೆ ಸೇರಿ. ಹತ್ತು ವರ್ಷದ ಹಿಂದೆ ಕಂಪನಿ ಮಾರಿ ಹೋದವನು ಅದೇ ಕುಸ್ತಿಯವರ ಗೊಂಬೆ ಮಾಡಲು ತಿರುಗಿ ಬಂದ. ನಡುವೆ ಟಿಎಚ್‌ಕ್ಯು ಅನ್ನೋ ವಿಡಿಯೋ ಗೇಮ್ ಕಂಪನಿಯನ್ನೂ ಕಟ್ಟಿದ್ದ.

ಜ್ಯಾಕ್ಸ್‌ನ ಮೊದಲ ಗೊಂಬೆಗಳು ಸುಮಾರು 6 ಇಂಚು. ಮೊಣಕೈ, ಮೊಣಕಾಲು ಮಡಚಿದರೆ ಒಳಗಿಂದ ಮೂಳೆ ಮುರಿದ ಹಾಗೆ ಲಟಲಟ ಸದ್ದು. ಮೊದಲ ಸರಣಿಯಲ್ಲಿ ಬ್ರೆಟ್ ಹಾರ್ಟ್, ಶಾನ್ ಮೈಕಲ್ಸ್, ಅಂಡರ್‌ಟೇಕರ್, ಗೋಲ್ಡ್‌ಡಸ್ಟ್, ಡೀಸೆಲ್, ರೇಜರ್ ರಾಮೋನ್. ಗ್ರಹಚಾರ ನೋಡಿ, ಕೊನೆಯ ಇಬ್ಬರೂ 1996ರಲ್ಲೇ ಎದುರಾಳಿ ಕಂಪನಿಗೆ ಹೋದರು. ಅಚ್ಚು ಹಾಕಿದ ಗೊಂಬೆಯ ಮನುಷ್ಯ ಪರಪಕ್ಷ ಸೇರಿದ್ದ.

1999ರ ಹೊತ್ತಿಗೆ ಕುಸ್ತಿಗೆ ಮತ್ತೆ ಬಿಸಿ ಏರಿತ್ತು. ಕುಸ್ತಿಯವರ ಮುಖವನ್ನೇ ಸ್ಕ್ಯಾನ್ ಮಾಡಿ ಗೊಂಬೆಯ ಮುಖ ಮಾಡುವ ವಿಧಾನ ಆ ಸುಮಾರಿಗೆ ಬಂತು. ಮುಖ ನಿಜಕ್ಕೆ ಹತ್ತಿರವಾಯಿತು, ಮೈ ಮಾತ್ರ ಕೆಲವೊಮ್ಮೆ ಗೂನು. ಕೀಲು ಬೇಗ ಸಡಿಲ. ಒಬ್ಬನದ್ದೇ ಗೊಂಬೆ ಚಡ್ಡಿಯ ಬಣ್ಣ ಬದಲಾಯಿಸಿ ಹತ್ತಾರು ಸಲ. ಆದರೂ ಜ್ಯಾಕ್ಸ್ ಒಂದು ದೊಡ್ಡ ಉಪಕಾರ ಮಾಡಿತು. 'ಕ್ಲಾಸಿಕ್ ಸೂಪರ್‌ಸ್ಟಾರ್ಸ್' ಅನ್ನೋ ಸಾಲಿನಲ್ಲಿ ನಿವೃತ್ತರನ್ನು, ತೀರಿಕೊಂಡವರನ್ನು, ಹಿಂದೆ ಗೊಂಬೆಯೇ ಆಗದವರನ್ನು ಹುಡುಕಿ ಮಾಡಿತು. ನಮ್ಮ ಪಿಂಚಣಿದಾರರ ಪಟ್ಟಿಯ ಹಾಗೆ ಒಬ್ಬರನ್ನೂ ಬಿಡಬಾರದು ಅನ್ನೋ ಶ್ರದ್ಧೆ. 2006ರಲ್ಲಿ ಅಲ್ಲಿಗೆ ಹೋದ ನಮ್ಮ ಹಿಮಾಚಲದ ಗ್ರೇಟ್ ಖಲಿಯ ಗೊಂಬೆ ಬಂದದ್ದೂ ಜ್ಯಾಕ್ಸ್‌ನಿಂದಲೇ.

2002ರ ಮೇ ತಿಂಗಳಲ್ಲಿ ವನ್ಯಜೀವಿ ಸಂಸ್ಥೆಯ ಜೊತೆಗಿನ ಮೊಕದ್ದಮೆ ಸೋತು ಡಬ್ಲ್ಯುಡಬ್ಲ್ಯುಎಫ್ ಹೆಸರು ಡಬ್ಲ್ಯುಡಬ್ಲ್ಯುಇ ಆಯಿತು, ಡಬ್ಬದ ಮೇಲಿನ ಗುರುತೂ ಬದಲಾಯಿತು. 2004ರಲ್ಲಿ ಕುಸ್ತಿ ಕಂಪನಿಯೇ ಜ್ಯಾಕ್ಸ್ ಮೇಲೆ ಮೊಕದ್ದಮೆ ಹೂಡಿತು, ಲೈಸೆನ್ಸು ಪಡೆಯಲು ಲಂಚ ಕೊಟ್ಟಿದ್ದಾರೆ ಅನ್ನೋ ಆರೋಪ ಹೊರಿಸಿ. ಅಲ್ಲಿನ ಫೆಡರಲ್ ಕೋರ್ಟು ಮುಖ್ಯ ಆಪಾದನೆಗಳನ್ನು ತಳ್ಳಿಹಾಕಿತು, 2009ರ ಕೊನೆಗೆ ರಾಜಿಯಾಯಿತು. ಅದೇ ಡಿಸೆಂಬರಿಗೆ ಜ್ಯಾಕ್ಸ್ ಲೈಸೆನ್ಸೂ ಮುಗಿಯಿತು. ಫ್ರೀಡ್‌ಮನ್ 2010ರಲ್ಲಿ ತೀರಿಕೊಂಡ. ಎರಡು ಕಾಲದ ಗೊಂಬೆಗಳ ಹಿಂದೆ ಇದ್ದವನು ಒಬ್ಬನೇ, ಆದರೆ ಎರಡೂ ಸಾಲು ಅಜಗಜಾಂತರ.

ದೊಡ್ಡವರ ಕಾಲ

2010ರಿಂದ ಮ್ಯಾಟೆಲ್. ಬಾರ್ಬಿಯವರು. ಮಕ್ಕಳಿಗೆ 'ಬೇಸಿಕ್', ಸಂಗ್ರಹಕಾರರಿಗೆ 'ಎಲೀಟ್'. ಎಲೀಟ್ ಗೊಂಬೆಗೆ ಕತ್ತು, ಭುಜ, ಮೊಣಕೈ, ಮಣಿಕಟ್ಟು, ಸೊಂಟ, ಮೊಣಕಾಲು, ಪಾದ ಎಲ್ಲ ಕಡೆ ಕೀಲು. ಬಟ್ಟೆಯ ಅಂಗಿ, ಬೆಲ್ಟು, ಮೈಕು. ಮುಖ್ಯವಾಗಿ ಎತ್ತರದ ಅನುಪಾತ ಸರಿ ಮಾಡಿದರು. ಆಂದ್ರೆ ಪಕ್ಕದಲ್ಲಿ ನಿಂತರೆ ಉಳಿದವರು ಕುಳ್ಳರಾಗಿಯೇ ಕಾಣುತ್ತಾರೆ. 2019ರಿಂದ 'ಅಲ್ಟಿಮೇಟ್ ಎಡಿಷನ್', ತಲೆ, ಕೈ ಬದಲಾಯಿಸಬಹುದಾದದ್ದು. 2020ರಲ್ಲಿ ಹೊಸ ಕುಸ್ತಿ ಕಂಪನಿ ಎಇಡಬ್ಲ್ಯು ಗೊಂಬೆಗಳನ್ನು ಜಾಜ್‌ವೇರ್ಸ್ ತಂದಿತು.

ಮಜಾ ಏನೆಂದರೆ 2017ರಲ್ಲಿ ಮ್ಯಾಟೆಲ್ 'ರೆಟ್ರೋ' ಅಂತ ಒಂದು ಸಾಲು ತಂದಿತು. ಜಾನ್ ಸೀನಾ, ಬ್ರಾಕ್ ಲೆಸ್ನರ್ ಮುಂತಾದವರ ಗೊಂಬೆ, ಆದರೆ 1990ರ ಹ್ಯಾಸ್ಬ್ರೋ ಥರವೇ ಸಣ್ಣದು, ದಪ್ಪ ತೋಳು, ಸ್ಪ್ರಿಂಗು! ಇಷ್ಟೆಲ್ಲ ಕೀಲು ಮಾಡಿದ ಮೇಲೆ ಕೀಲಿಲ್ಲದ್ದಕ್ಕೆ ವಾಪಸು. ಯಾಕೆಂದರೆ ಕೊಳ್ಳುವವನು ಆಗ ಏಳು ವರ್ಷದ ಹುಡುಗ, ಈಗ ಮೂವತ್ತೈದರ ನೌಕರಿದಾರ. ಅವನಿಗೆ ಬೇಕಾದ್ದು ಗೊಂಬೆಯ ಜೊತೆಗೆ ಆ ಏಳನೇ ವರ್ಷ.

ಹಾಗಾದರೆ ಯಾವ ಸಾಲು ಮೇಲು? ನನ್ನ ಲೆಕ್ಕ ಹೀಗೆ. ಕೆತ್ತನೆಗೆ ಎಲ್‌ಜೆಎನ್. ಆಟಕ್ಕೆ ಹ್ಯಾಸ್ಬ್ರೋ. ಯಾರನ್ನೂ ಮರೆಯದೆ ದಾಖಲೆ ಮಾಡಿದ್ದಕ್ಕೆ ಜ್ಯಾಕ್ಸ್. ಹೋಲಿಕೆಗೆ ಮ್ಯಾಟೆಲ್. ಒಂದೇ ಸಾಲನ್ನು ಇಟ್ಟುಕೋ ಅಂದರೆ ಹ್ಯಾಸ್ಬ್ರೋ. ಒಂದೇ ಗೊಂಬೆಯನ್ನು ಇಟ್ಟುಕೋ ಅಂದರೆ ಎಲ್‌ಜೆಎನ್.

ಇನ್ನೊಂದು ಲೆಕ್ಕ ಹಣಕ್ಕೆ ನಿಲುಕದ್ದು. ಓವೆನ್ ಹಾರ್ಟ್ 1999ರ ಮೇ 23ರಂದು ಕ್ಯಾನ್ಸಸ್ ಸಿಟಿಯಲ್ಲಿ ಮೇಲಿಂದ ಹಗ್ಗದಲ್ಲಿ ಇಳಿಯುವ ದೃಶ್ಯದಲ್ಲಿ ಬಿದ್ದು ಸತ್ತ. ವಯಸ್ಸು 34. ಆ ಮೇಲೆ ಅವನ ಹೆಂಡತಿ ಮಾರ್ಥಾ ಆ ಕಂಪನಿಗೆ ಅವನ ರೂಪವನ್ನು ಬಳಸಲು ಬಿಡಲಿಲ್ಲ. ಮ್ಯಾಟೆಲ್‌ನ ನೂರಾರು ಗೊಂಬೆಗಳ ನಡುವೆ ಓವೆನ್ ಇಲ್ಲ. 2021ರಲ್ಲಿ ಅವನ ಹೆಸರಿನ ಪ್ರತಿಷ್ಠಾನ ಎಇಡಬ್ಲ್ಯು ಜೊತೆ ಒಪ್ಪಂದ ಮಾಡಿಕೊಂಡ ಮೇಲೆಯೇ ಅವನ ಹೊಸ ಗೊಂಬೆ ಬಂದದ್ದು. ಸಂಗ್ರಹಕಾರರು ಇಪ್ಪತ್ತು ವರ್ಷ ಆ ಹೆಂಗಸನ್ನು ಹಳಿದದ್ದುಂಟು. ನನಗೆ ಮಾತ್ರ ಆಕೆಯ ಕಡೆಯೇ ನ್ಯಾಯ ಕಾಣುತ್ತೆ. ಸತ್ತವನ ಗೊಂಬೆ ಯಾರ ಮನೆಯಲ್ಲಿ ಇರಬೇಕು ಅಂತ ಹೇಳೋಕೆ ಮನೆಯವರಿಗಿಂತ ಹಕ್ಕಿನವರು ಯಾರು?

ಈ ಮಾತು ಬರೆಯುವಾಗ ನನ್ನ ಕೈ ಸ್ವಲ್ಪ ತಡೆಯಿತು. ಯಾಕೆಂದರೆ ನಾನು ಒಂದು ಸಲ ಯಾರನ್ನೂ ಕೇಳದೆ ಆ ಕೆಲಸ ಮಾಡಿದ್ದೇನೆ.

ನಮ್ಮ ಡಬ್ಬದ ಕಥೆ

2003ರ ಆ ದಸರಾಕ್ಕೆ ಅಮ್ಮ ಎಂದಿನಂತೆ ಗೊಂಬೆ ಕೂರಿಸಿದ್ದರು. ಮುಂಬೈಗೆ ಬಂದರೂ ಮೈಸೂರಿನ ಪಟ್ಟದ ಗೊಂಬೆ ಬಿಟ್ಟಿರಲಿಲ್ಲ. ಮೊಮ್ಮಗ ಹೋಗಿ "ಅಜ್ಜಿ, ಇವನನ್ನೂ ಇಡು" ಅಂತ ಆಂದ್ರೆಯನ್ನು ಕೊಟ್ಟ. "ಯಾರೋ ಇವನು?" ಅಂದರು. "ಆಂದ್ರೆ" ಅಂದ. "ಆಂದ್ರೆ ಅಂದ್ರೆ ಯಾರೋ?" ಅಂದರು. "ಆಂದ್ರೆ ಅಂದ್ರೆ ಆಂದ್ರೆ ಅಜ್ಜಿ!" ಮನೆಯೆಲ್ಲ ನಗು.

ಅಮ್ಮ ಅವನನ್ನು ತಿರುಗಿಸಿ ನೋಡಿದರು. "ಜಟ್ಟಿ ಕಣೋ ಇವನು. ಅರಮನೆಯಲ್ಲಿ ವಜ್ರಮುಷ್ಟಿ ಕಾಳಗಕ್ಕೆ ಜಟ್ಟಿಗಳು ಇಲ್ಲದಿದ್ದರೆ ವಿಜಯದಶಮಿ ಆಗುತ್ತಾ?" ಅಂತ ಹೇಳಿ ಪಟ್ಟದ ರಾಜ ರಾಣಿಯರ ಕೆಳಗಿನ ಮೆಟ್ಟಿಲಿನಲ್ಲಿ ನಿಲ್ಲಿಸಿದರು. ಅಲ್ಲಿಂದ ಪ್ರತಿ ವರ್ಷ ಅದು ಅವನ ಜಾಗ. ಅರಿಶಿನ ಕುಂಕುಮಕ್ಕೆ ಬಂದ ಹೆಂಗಸರು ಕೇಳಿದರೆ, "ನಮ್ಮ ಮಗಳು ಅಮೆರಿಕದಿಂದ ತಂದ ಜಟ್ಟಿ" ಅನ್ನೋರು.

2012. ಮಗ ಹತ್ತನೇ ಕ್ಲಾಸು. ಪ್ರಿಲಿಮ್ಸ್‌ನಲ್ಲಿ ಗಣಿತದ ಮಾರ್ಕ್ಸು ಕಡಿಮೆ ಬಂತು. ನನಗೂ ಬ್ರಾಂಚಿನಲ್ಲಿ ಆಡಿಟ್ ಕಾಟ. ಒಂದು ಭಾನುವಾರ ಅವನು ಕ್ಲಾಸಿಗೆ ಹೋದಾಗ ಆ ಡಬ್ಬವನ್ನು ಹಳೇ ಪೇಪರಿನ ಜೊತೆ ಭಂಗಾರ್‌ವಾಲಾನಿಗೆ ಕೊಟ್ಟುಬಿಟ್ಟೆ. ತಕ್ಕಡಿಯಲ್ಲಿ ಪ್ಲಾಸ್ಟಿಕ್ಕಿನ ದರಕ್ಕೆ ತೂಗಿದ. ಎಲ್‌ಜೆಎನ್ ತೂಕ ಅಂದೆನಲ್ಲ, ಅದು ಅವನಿಗೆ ಲಾಭವಾಯಿತು.

ಸಂಜೆ ಬಂದ ಮಗ ಮಂಚದ ಕೆಳಗೆ ಬಗ್ಗಿ ನೋಡಿದ. ಎದ್ದ. ಏನೂ ಕೇಳಲಿಲ್ಲ. ಬೈದಿದ್ದರೆ, ಅತ್ತಿದ್ದರೆ ನನಗೆ ಸುಲಭವಾಗುತ್ತಿತ್ತು. ಮಾರ್ಕ್ಸು ಚೆನ್ನಾಗಿಯೇ ಬಂತು. ನಾನು ಗೆದ್ದೆ ಅಂದುಕೊಂಡೆ. ಅಮ್ಮ ಮಾತ್ರ ಆ ರಾತ್ರಿ ಊಟಕ್ಕೆ ಬಡಿಸುವಾಗ "ಮಕ್ಕಳ ಸಾಮಾನು ಕಣೋ ಅದು, ನಿನ್ನದಲ್ಲ" ಅಂದರು, ಅಷ್ಟೇ. ಅದರ ಮುಂದಿನ ದಸರಾಕ್ಕೆ ಅಮ್ಮನಿಗೆ ಮಂಡಿ ನೋವು, ಗೊಂಬೆ ಕೂರಿಸಲಿಲ್ಲ. 2015ರಲ್ಲಿ ಅಮ್ಮ ಹೋದರು. ಗೊಂಬೆಯ ಟ್ರಂಕು ಅಟ್ಟ ಸೇರಿತು.

ಜುಲೈನಲ್ಲಿ ಹೋಗನ್ ಸತ್ತ ರಾತ್ರಿ ಮಗ ಡಬ್ಬದ ಮಾತು ಎತ್ತಿದ್ದು ಹದಿಮೂರು ವರ್ಷದಲ್ಲಿ ಮೊದಲ ಸಲ. ನಾನು "ತಪ್ಪಾಯ್ತು ಕಣೋ" ಅಂದೆ. ಅವನು "ಬಿಡಪ್ಪಾ, ಬಣ್ಣ ಹೋಗಿದ್ದವು, ಈಗ ಅದಕ್ಕೆ ಬೆಲೆ ಏನೂ ಇರಲ್ಲ" ಅಂದ. ಆ ಮಾತು ನನ್ನನ್ನು ಸಮಾಧಾನ ಮಾಡಲಿಕ್ಕೆ ಹೇಳಿದ್ದು ಅಂತ ಗೊತ್ತಾಯಿತು. ಈ ಗೊಂಬೆ ಲೋಕದ ನಿಯಮವೇ ಹಾಗೆ. ಡಬ್ಬ ಬಿಚ್ಚದ್ದಕ್ಕೆ ಬೆಲೆ, ಮಗು ಮುಟ್ಟಿದ್ದಕ್ಕೆ ಇಲ್ಲ. ಅತಿ ಪ್ರೀತಿ ಕಂಡದ್ದು ಅತಿ ಅಗ್ಗ. ನಮ್ಮ ಬ್ಯಾಂಕಿನ ಸವಕಳಿ ಲೆಕ್ಕವೂ ಹಾಗೆಯೇ.

ಈ ಸಲ ದಸರಾಕ್ಕೆ ನನ್ನಾಕೆ "ಅತ್ತೆಯ ಗೊಂಬೆ ಇಳಿಸೋಣ" ಅಂದಳು. ಅಟ್ಟದಿಂದ ಟ್ರಂಕು ಇಳಿಸಿದೆ. ಪಟ್ಟದ ಗೊಂಬೆ, ಚೆಟ್ಟಿ ಚೆಟ್ಟಮ್ಮ, ಚನ್ನಪಟ್ಟಣದ ಅಡಿಗೆ ಸಾಮಾನು ಒಂದೊಂದಾಗಿ ತೆಗೆದೆವು. ಎಲ್ಲದಕ್ಕೂ ಹಳೇ ಸೀರೆಯ ತುಂಡು ಸುತ್ತಿತ್ತು. ತಳದಲ್ಲಿ ಒಂದು ಗಂಟು, ಉಳಿದವಕ್ಕಿಂತ ಭಾರ. ಬಿಚ್ಚುವ ಮೊದಲೇ ಕೈಗೆ ಗೊತ್ತಾಯಿತು.

ಉದ್ದ ಕೂದಲಿನ ಆಂದ್ರೆ! 2011ರ ದಸರಾ ಮುಗಿದ ಮೇಲೆ ಅಮ್ಮ ಅವನನ್ನು ತಮ್ಮ ಗೊಂಬೆಗಳ ಜೊತೆಯೇ ಕಟ್ಟಿಟ್ಟಿದ್ದರು. ಹಾಗಾಗಿ ನನ್ನ ಆ ಭಾನುವಾರದ ಕೈಗೆ ಅವನು ಸಿಗಲಿಲ್ಲ. ಮೂಗಿನ ಬಣ್ಣ ಹೋಗಿದೆ, ಹಣೆಯ ಮೇಲೆ ಎಂದೋ ಇಟ್ಟ ಕುಂಕುಮದ ಕಲೆ ರಬ್ಬರಿಗೆ ಇಳಿದಿದೆ. ಸಂಗ್ರಹಕಾರರ ಲೆಕ್ಕದಲ್ಲಿ ನಯಾಪೈಸೆ ಬಾಳುವುದಿಲ್ಲ.

ಮಗ ವಿಜಯದಶಮಿಗೆ ಪುಣೆಯಿಂದ ಬಂದ. ನಾನು ಏನೂ ಹೇಳಿರಲಿಲ್ಲ. ಚಪ್ಪಲಿ ಬಿಟ್ಟು ಒಳಗೆ ಬಂದವನು ಮೆಟ್ಟಿಲುಗಳ ಮುಂದೆ ನಿಂತುಬಿಟ್ಟ. ಅಡಿಗೆಮನೆಯಿಂದ ನನ್ನಾಕೆ "ಕೈಕಾಲು ತೊಳ್ಕೊಳ್ಳೋ" ಅಂತ ಕೂಗುತ್ತಿದ್ದಳು. ಅವನು ಕೈ ಚಾಚಿ ಆಂದ್ರೆಯ ತಲೆ ಮುಟ್ಟಿ, "ಜಟ್ಟಿ" ಅಂದ.

ನಿಮ್ಮ ಮನೆಯ ಅಟ್ಟದಲ್ಲೂ ಇಂ‍ಥದ್ದು ಏನಾದರೂ ಇರಬಹುದು. ಇಳಿಸಿ ನೋಡಿ. ಯಾರಿಗಾದರೂ ಕೊಡುವ ಮೊದಲು ದಯವಿಟ್ಟು ಅದರ ಯಜಮಾನನನ್ನು ಒಂದು ಮಾತು ಕೇಳಿ, ಅವನಿಗೆ ವಯಸ್ಸು ಎಷ್ಟೇ ಇರಲಿ.